ಸ್ಪೈ ಸಿನಿಮಾಗಳ ಕಲೆಕ್ಷನ್ ಮೊದಲೇ ಹೇಳಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಂಡ್ ಅಥವಾ ಮಿಷನ್ ಇಂಪಾಸಿಬಲ್ ಸರಣಿಯ ಹೊಸ ಚಿತ್ರ ಬರುತ್ತಿದೆ ಅಂದಾಗಲೆಲ್ಲ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತಲೆ ಕೆರೆದುಕೊಳ್ಳಬೇಕಾದವು. ಅಂಕಿಗಳನ್ನು ಕೋಟಿ ಡಾಲರ್‌ನಲ್ಲಿ, ಹೆಚ್ಚುಕಡಿಮೆ ಲೆಕ್ಕಕ್ಕೆ ಇಳಿಸಿ ಕೊಟ್ಟಿದ್ದೇನೆ. ರೂಪಾಯಿ ಬಂದ ಕಡೆ ರೂಪಾಯಿ ಎಂದೇ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಇಂಥ ಸಿನಿಮಾ ಎಷ್ಟು ದುಡ್ಡು ಮಾಡುತ್ತೆ ಅಂತ ಮೊದಲೇ ಹೇಳೋಕೆ ನಿಜವಾಗ್ಲೂ ಆಗುತ್ತಾ?

ಬೇರೆ ಸಿನಿಮಾಗಳಿಗಿಂತ ಇವುಗಳ ಬಗ್ಗೆ ಹೇಳುವುದು ಸುಲಭ. ಮಿಷನ್ ಇಂಪಾಸಿಬಲ್ ಸರಣಿಯನ್ನೇ ನೋಡಿ. 1996ರ ಮೊದಲ ಚಿತ್ರ ಪ್ರಪಂಚದಾದ್ಯಂತ ಸುಮಾರು 46 ಕೋಟಿ ಡಾಲರ್ ಗಳಿಸಿತು. ನಂತರದವು ಕ್ರಮವಾಗಿ 55, 40, 69, 68, 79, 57, ಮತ್ತು 2025ರ ಕೊನೆಯದು 60. ಮೂವತ್ತು ವರ್ಷ, ಎಂಟು ಚಿತ್ರ. ಒಂದೂ 40ರ ಕೆಳಗೆ ಜಾರಲಿಲ್ಲ, ಒಂದೂ 80 ಮುಟ್ಟಲಿಲ್ಲ. ಕಣ್ಣು ಮುಚ್ಚಿಕೊಂಡು 'ಅರವತ್ತರ ಆಸುಪಾಸು' ಅಂದಿದ್ದರೂ ನೀವು ತೀರಾ ದೂರ ಹೋಗುತ್ತಿರಲಿಲ್ಲ.

ಆದರೆ ಇದೇ ಎಂಟು ಚಿತ್ರಗಳ ಖರ್ಚು ನೋಡಿ. ಮೊದಲನೆಯದು 8 ಕೋಟಿ ಡಾಲರ್‌ನಲ್ಲಿ ಮುಗಿಯಿತು. 2018ರ 'ಫಾಲ್‌ಔಟ್' ಹೊತ್ತಿಗೆ 18 ಆಯಿತು. 2023ರ 'ಡೆಡ್ ರೆಕನಿಂಗ್' 29. ಕೊನೆಯದಕ್ಕೆ 30ರಿಂದ 40 ಅಂತ ವರದಿಗಳು ಹೇಳಿದವು. ಬರುವ ದುಡ್ಡು ಅಲ್ಲಲ್ಲೇ ಸುತ್ತುತ್ತಿದೆ, ಹೋಗುವ ದುಡ್ಡು ಓಡುತ್ತಿದೆ. ಹಾಗಾಗಿ ಗಳಿಕೆ ಎಷ್ಟು ಅಂತ ಊಹಿಸುವುದಕ್ಕೂ, ಸಿನಿಮಾ ಗೆಲ್ಲುತ್ತದಾ ಅಂತ ಊಹಿಸುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದಕ್ಕೆ ನಾನು ಮೊದಲು ನೋಡುವುದು ಬಜೆಟ್ಟನ್ನು. ಟ್ರೇಲರ್ ಆಮೇಲೆ.

ಗ್ರಾಸ್, ನೆಟ್, ಶೇರ್... ತಲೆ ಕೆಟ್ಟೋಗಿದೆ. ಯಾವುದನ್ನು ನೋಡ್ಬೇಕು?

ಟಿಕೆಟ್ ಮಾರಿ ಬಂದ ಒಟ್ಟು ದುಡ್ಡು ಗ್ರಾಸ್. ಅದರಲ್ಲಿ ತೆರಿಗೆ ಕಳೆದರೆ ನೆಟ್. ಥಿಯೇಟರ್‌ನವರ ಪಾಲೂ ಹೋದ ಮೇಲೆ ವಿತರಕರ ಕೈಗೆ ಬರುವುದು ಶೇರ್. ಹಾಲಿವುಡ್ ಸುದ್ದಿಗಳಲ್ಲಿ ಬರುವುದು ಗ್ರಾಸ್. ಹಿಂದಿ ಚಿತ್ರಗಳ ಸುದ್ದಿಯಲ್ಲಿ ಭಾರತದ ಲೆಕ್ಕ ಬಹುಪಾಲು ನೆಟ್, ಪ್ರಪಂಚದ ಲೆಕ್ಕ ಗ್ರಾಸ್. ಪೋಸ್ಟರ್ ಮೇಲೆ ಯಾವುದು ದೊಡ್ಡದೋ ಅದು! ಎರಡು ಚಿತ್ರ ಹೋಲಿಸುವ ಮುಂಚೆ ಎರಡೂ ಒಂದೇ ಥರದ ಅಂಕಿಯಾ ಅಂತ ನೋಡಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

57 ಕೋಟಿ ಡಾಲರ್ ಬಂದ್ರೂ 'ಡೆಡ್ ರೆಕನಿಂಗ್' ಸೋತಿತು ಅಂತಾರಲ್ಲ, ಅದು ಹೇಗೆ ಸ್ವಾಮಿ?

ಆ 57 ಕೋಟಿ ಪೂರ್ತಿ ಸ್ಟುಡಿಯೋಗೆ ಹೋಗುವುದಿಲ್ಲ. ಅಮೆರಿಕದಲ್ಲಿ ಟಿಕೆಟ್ ಹಣದ ಸುಮಾರು ಅರ್ಧ ಸ್ಟುಡಿಯೋಗೆ ಸಿಗುತ್ತದೆ. ಹೊರದೇಶಗಳಲ್ಲಿ ಸರಾಸರಿ ನೂರಕ್ಕೆ ನಲವತ್ತು. ಚೀನಾದಲ್ಲಿ ಇಪ್ಪತ್ತೈದು ಮಾತ್ರ.

ಈ ಚಿತ್ರ ಅಮೆರಿಕದಲ್ಲಿ 17 ಕೋಟಿ, ಉಳಿದ ಕಡೆ 40 ಕೋಟಿ ಗಳಿಸಿತು ಅಂತ ಇಟ್ಟುಕೊಳ್ಳಿ. ಸ್ಟುಡಿಯೋ ಪಾಲು ಎಂಟೂವರೆ ಪ್ಲಸ್ ಹದಿನಾರು, ಅಂದರೆ ಇಪ್ಪತ್ತನಾಲ್ಕೂವರೆ. ತಯಾರಿಕೆಗೇ 29 ಆಗಿದೆ. ಅದರ ಮೇಲೆ ಪ್ರಚಾರದ ಖರ್ಚು ಬೇರೆ, ಇಷ್ಟು ದೊಡ್ಡ ಚಿತ್ರಕ್ಕೆ ಅದೂ ಹತ್ತು ಕೋಟಿ ಡಾಲರ್ ಮುಟ್ಟುವುದು ಮಾಮೂಲು. ಆಮೇಲೆ ಟಿವಿ, ಓಟಿಟಿ, ಡಿಸ್ಕ್ ಅಂತ ದುಡ್ಡು ಬರುತ್ತದೆ ನಿಜ. ಥಿಯೇಟರ್ ಲೆಕ್ಕದಲ್ಲಂತೂ ಹಳ್ಳ ತುಂಬಲಿಲ್ಲ.

ಈ ವ್ಯವಹಾರದವರು ಬಳಸುವ ಅಂದಾಜು ಸೂತ್ರ: ಬಜೆಟ್‌ನ ಎರಡೂವರೆ ಪಟ್ಟು ಗ್ರಾಸ್ ಬಂದರೆ ಹಾಕಿದ್ದು ವಾಪಸ್. ಕೋವಿಡ್‌ನಿಂದ ಚಿತ್ರೀಕರಣ ನಿಂತು ನಿಂತು ನಡೆದದ್ದಕ್ಕೆ ಈ ಚಿತ್ರದ ಖರ್ಚು ಅಷ್ಟು ಏರಿತು. 'ಫಾಲ್‌ಔಟ್' ಖರ್ಚಿನಲ್ಲೇ ಮುಗಿದಿದ್ದರೆ ಇದೇ 57 ಕೋಟಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಹಳೇ ಬಾಂಡ್ ಚಿತ್ರಗಳೇ ದೊಡ್ಡ ಹಿಟ್ ಅಂತ ನಮ್ಮಪ್ಪ ವಾದ ಮಾಡ್ತಾರೆ. ಸರೀನಾ?

ಅಪ್ಪ ಹೇಳುವುದು ಸರಿ. 1965ರ 'ಥಂಡರ್‌ಬಾಲ್' ಅಮೆರಿಕದಲ್ಲಿ ಸುಮಾರು 6.4 ಕೋಟಿ ಡಾಲರ್ ಗಳಿಸಿತು. 2012ರ 'ಸ್ಕೈಫಾಲ್' 30.4 ಕೋಟಿ. ಮೇಲ್ನೋಟಕ್ಕೆ ಹೋಲಿಕೆಯೇ ಇಲ್ಲ. ಆದರೆ 1965ರಲ್ಲಿ ಅಲ್ಲಿ ಟಿಕೆಟ್ ಸರಾಸರಿ ಒಂದು ಡಾಲರ್ ಚಿಲ್ಲರೆ, 2012ರಲ್ಲಿ ಎಂಟು ಡಾಲರ್ ಹತ್ತಿರ. ಭಾಗಿಸಿ ನೋಡಿ. ಥಂಡರ್‌ಬಾಲ್‌ಗೆ ಆರು ಕೋಟಿಗೂ ಹೆಚ್ಚು ಟಿಕೆಟ್, ಸ್ಕೈಫಾಲ್‌ಗೆ ನಾಲ್ಕು ಕೋಟಿಗಿಂತ ಕಡಿಮೆ. ಅಂದಿನ ಅಮೆರಿಕದ ಜನಸಂಖ್ಯೆಯೂ ಕಡಿಮೆ ಇತ್ತು ಅನ್ನೋದನ್ನು ಸೇರಿಸಿದರೆ ಅಪ್ಪನ ಕೈ ಇನ್ನೂ ಮೇಲಾಗುತ್ತದೆ.

## ಬಿಡುಗಡೆ ಹತ್ತಿರ ಬಂದಾಗ

'ಟ್ರ್ಯಾಕಿಂಗ್ ಪ್ರಕಾರ ಓಪನಿಂಗ್ ಇಷ್ಟು' ಅಂತ ಬರೀತಾರಲ್ಲ, ಈ ಟ್ರ್ಯಾಕಿಂಗ್ ಅಂದ್ರೆ ಏನು?

ಓಪನಿಂಗ್ ಅಂದರೆ ಮೊದಲ ವಾರಾಂತ್ಯದ ಗಳಿಕೆ. ಬಿಡುಗಡೆಗೆ ಮೂರು ನಾಲ್ಕು ವಾರ ಇರುವಾಗ ಸಮೀಕ್ಷೆ ಕಂಪನಿಗಳು ಸಿನಿಮಾಗೆ ಹೋಗುವ ಜನರನ್ನು ಕೇಳುತ್ತವೆ. 1978ರಲ್ಲಿ ಶುರುವಾದ ನ್ಯಾಷನಲ್ ರಿಸರ್ಚ್ ಗ್ರೂಪ್ ಇದರಲ್ಲಿ ಹಳೆಯ ಹೆಸರು. ಹಿಂದೆ ಫೋನಿನಲ್ಲಿ ಕೇಳುತ್ತಿದ್ದರು, ಈಗ ಆನ್‌ಲೈನ್. ಕೇಳುವುದು ನಾಲ್ಕು ವಿಷಯ. ಯಾವ ಚಿತ್ರ ಬರುತ್ತಿದೆ ಅಂತ ನಿಮಗೇ ನೆನಪಿದೆಯಾ? ಹೆಸರು ಹೇಳಿದರೆ ಗೊತ್ತಾಗುತ್ತಾ? ಖಂಡಿತ ನೋಡ್ತೀರಾ? ಬಂದಿರುವುದರಲ್ಲಿ ನಿಮ್ಮ ಮೊದಲ ಆಯ್ಕೆ ಯಾವುದು?

ಬಾಂಡ್ ಥರದ ಚಿತ್ರಕ್ಕೆ ಎರಡನೇ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಹೆಸರು ಎಲ್ಲರಿಗೂ ಗೊತ್ತು. ನಾಲ್ಕನೆಯದೇ ನಿಜವಾದ ಪ್ರಶ್ನೆ. 'ನೋಡ್ತೀನಿ' ಅನ್ನುವುದು ಸುಲಭ. ಅದೇ ಶುಕ್ರವಾರ, ಬೇರೆ ಎರಡು ಚಿತ್ರ ಬಿಟ್ಟು ಇದಕ್ಕೇ ದುಡ್ಡು ಕೊಡುತ್ತೀರಾ ಅನ್ನುವುದು ಬೇರೆ ಮಾತು. ಇನ್ನೊಂದು ಸಂಗತಿ: ಸ್ಟುಡಿಯೋಗಳು ಪತ್ರಿಕೆಗಳಿಗೆ ಹೇಳುವ ಅಂಕಿ ಬೇಕಂತಲೇ ಸ್ವಲ್ಪ ಕಡಿಮೆ ಇರುತ್ತದೆ. ಭಾನುವಾರ 'ನಿರೀಕ್ಷೆ ಮೀರಿದ ಗಳಿಕೆ' ಅಂತ ಬರೆಸಿಕೊಳ್ಳಬೇಕಲ್ಲ.

ಟ್ರೇಲರ್‌ಗೆ ಕೋಟಿಗಟ್ಟಲೆ ವ್ಯೂಸ್ ಬಂದಿದೆ. ಹಿಟ್ ಗ್ಯಾರಂಟಿ ಅಲ್ವಾ?

ಅಲ್ಲ. ವ್ಯೂಸ್‌ನಲ್ಲಿ ಜಾಹೀರಾತಾಗಿ ಓಡಿಸಿದ್ದೂ ಸೇರಿರುತ್ತದೆ. ಆದರೆ ಇಂಟರ್ನೆಟ್ ಗದ್ದಲದಲ್ಲಿ ಸುಳಿವೇ ಇಲ್ಲ ಅಂತಲೂ ಹೇಳಲಾಗದು. 2010ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಸಿತಾರಾಮ್ ಅಸೂರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ 24 ಚಿತ್ರಗಳ ಬಗ್ಗೆ ಬಂದ ಟ್ವೀಟ್‌ಗಳನ್ನು ಎಣಿಸಿದರು. ಜನ ಚಿತ್ರಗಳ ಗಳಿಕೆ ಮೇಲೆ ಆಟದ ದುಡ್ಡು ಹೂಡುವ ಹಾಲಿವುಡ್ ಸ್ಟಾಕ್ ಎಕ್ಸ್‌ಚೇಂಜ್ ಅನ್ನುವ ಮಾರುಕಟ್ಟೆ ಹೇಳುತ್ತಿದ್ದುದಕ್ಕಿಂತ ಅವರ ಓಪನಿಂಗ್ ಅಂದಾಜು ಚೆನ್ನಾಗಿತ್ತು. 2013ರಲ್ಲಿ ಇನ್ನೊಂದು ತಂಡ 2010ರ 312 ಚಿತ್ರಗಳ ವಿಕಿಪೀಡಿಯ ಪುಟಗಳನ್ನು ಎಷ್ಟು ಜನ ಓದಿದರು, ಎಷ್ಟು ಜನ ತಿದ್ದಿದರು ಅಂತ ನೋಡಿ ಇದೇ ಕೆಲಸ ಮಾಡಿತು. ದೊಡ್ಡ ಚಿತ್ರಗಳಿಗೆ ಲೆಕ್ಕ ಸರಿಹೋಯಿತು, ಚಿಕ್ಕವಕ್ಕೆ ಕೈಕೊಟ್ಟಿತು.

ಗಮನಿಸಿ, ಜನ ತಾವಾಗಿ ಹುಡುಕಿಕೊಂಡು ಹೋಗಿ ಮಾಡಿದ ಕೆಲಸವನ್ನು ಇವರು ಎಣಿಸಿದರು. ಟ್ರೇಲರ್ ಕಣ್ಣ ಮುಂದೆ ತಾನಾಗಿ ಓಡುತ್ತದೆ. ಅದನ್ನು ಎಣಿಸಿದರೆ ಸಿಗುವುದು ಸುಮ್ನೆ ಸದ್ದು.

ಗುರುವಾರ ರಾತ್ರಿ ಪ್ರಿವ್ಯೂ ನೋಡಿ ಭಾನುವಾರದ ಲೆಕ್ಕ ಹೇಗೆ ಹೇಳ್ತಾರೆ?

ಪ್ರಿವ್ಯೂ ಅಂದರೆ ಶುಕ್ರವಾರದ ಬಿಡುಗಡೆಗೆ ಮುಂಚಿನ ರಾತ್ರಿಯ ಪ್ರದರ್ಶನ. ಲೆಕ್ಕ ಹೇಳುವುದು ಹಳೆಯ ಕಂತುಗಳ ಅನುಪಾತದಿಂದ. 'ಫಾಲ್‌ಔಟ್' ಅಮೆರಿಕದಲ್ಲಿ ಗುರುವಾರ ರಾತ್ರಿ 60 ಲಕ್ಷ ಡಾಲರ್ ತಂದಿತು, ವಾರಾಂತ್ಯ ಮುಗಿದಾಗ 6.1 ಕೋಟಿ. ಹತ್ತು ಪಟ್ಟು. ಸೂಪರ್‌ಹೀರೋ ಚಿತ್ರಗಳಿಗೆ ಇಷ್ಟು ಪಟ್ಟು ಬರುವುದಿಲ್ಲ, ಅಭಿಮಾನಿಗಳು ಮೊದಲ ರಾತ್ರಿಯೇ ಮುಗಿಬೀಳುತ್ತಾರೆ. ಸ್ಪೈ ಚಿತ್ರಗಳ ಪ್ರೇಕ್ಷಕರಿಗೆ ಸ್ವಲ್ಪ ವಯಸ್ಸಾಗಿದೆ. ಶನಿವಾರ ಊಟ ಮುಗಿಸಿ ನಿಧಾನವಾಗಿ ಬರುತ್ತಾರೆ.

ಮೊದಲ ವಾರಾಂತ್ಯ ಚೆನ್ನಾಗಿದ್ರೆ ಗೆದ್ದ ಹಾಗೇ ತಾನೇ?

ಇದಕ್ಕೆ ನನಗೆ ತುಂಬಾ ಇಷ್ಟವಾದ ಜೋಡಿಯೊಂದಿದೆ. 2006ರ ನವೆಂಬರ್‌ನಲ್ಲಿ 'ಕ್ಯಾಸಿನೊ ರಾಯಲ್' ಬಂತು. ಹೊಸ ಬಾಂಡ್, ಡೇನಿಯಲ್ ಕ್ರೇಗ್. ಕೂದಲು ಹೊಂಬಣ್ಣ ಅಂತ ಜನ ಮೊದಲೇ ಗಲಾಟೆ ಮಾಡಿದ್ದರು. ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ 4.1 ಕೋಟಿ ಡಾಲರ್. ಮೊದಲ ಸ್ಥಾನವೂ ಸಿಗಲಿಲ್ಲ. ಪೆಂಗ್ವಿನ್‌ಗಳು ಕುಣಿಯುವ 'ಹ್ಯಾಪಿ ಫೀಟ್' ಕೂದಲೆಳೆಯಲ್ಲಿ ಮುಂದೆ ಹೋಯಿತು.

ಎರಡು ವರ್ಷದ ನಂತರ 'ಕ್ವಾಂಟಮ್ ಆಫ್ ಸಾಲೇಸ್'. ಅದೇ ಕ್ರೇಗ್, ಈಗ ಎಲ್ಲರಿಗೂ ಬೇಕಾದವನು. ಓಪನಿಂಗ್ 6.75 ಕೋಟಿ, ಅಲ್ಲಿಯವರೆಗಿನ ಬಾಂಡ್ ಚಿತ್ರಗಳಲ್ಲೇ ಜಾಸ್ತಿ. ಸೋಮವಾರದ ಪತ್ರಿಕೆ ಓದಿದವರಿಗೆ ಯಾವುದು ದೊಡ್ಡ ಹಿಟ್ ಅನ್ನಿಸಿರಬೇಕು?

ಕೊನೆಗೆ ಅಮೆರಿಕದ ಒಟ್ಟು ಗಳಿಕೆ: ಮೊದಲನೆಯದು 16.7 ಕೋಟಿ, ಎರಡನೆಯದು 16.8 ಕೋಟಿ. ಪ್ರಪಂಚದಾದ್ಯಂತವೂ ಎರಡೂ ಅರವತ್ತರ ಹತ್ತಿರ ಹತ್ತಿರವೇ. ಒಂದು ಓಪನಿಂಗ್‌ನ ನಾಲ್ಕು ಪಟ್ಟು ಓಡಿತು, ಇನ್ನೊಂದು ಎರಡೂವರೆ ಪಟ್ಟಿಗೆ ಸುಸ್ತಾಯಿತು. ಎರಡನೆಯದರ ಖರ್ಚಂತೂ ಐದು ಕೋಟಿ ಡಾಲರ್‌ಗೂ ಹೆಚ್ಚು ಜಾಸ್ತಿ.

ನಾನು ಇದನ್ನು ಹೀಗೆ ಓದುತ್ತೇನೆ. ಸರಣಿ ಚಿತ್ರದ ಓಪನಿಂಗ್ ಹೇಳುವುದು ಹಿಂದಿನ ಚಿತ್ರದ ಬಗ್ಗೆ. ಜನ ಕ್ವಾಂಟಮ್‌ಗೆ ಓಡಿದ್ದು ಕ್ಯಾಸಿನೊ ಇಷ್ಟವಾಗಿದ್ದಕ್ಕೆ. ಈ ಚಿತ್ರ ಹೇಗಿದೆ ಅನ್ನುವುದು ಎರಡನೇ ವಾರದಿಂದ ಗೊತ್ತಾಗುತ್ತದೆ. ಮ್ಯಾಟ್ ಡೇಮನ್ ಹೀರೋ ಆದ ಬೋರ್ನ್ ಸ್ಪೈ ಸರಣಿಯೂ ಹೀಗೇ ಬೆಳೆಯಿತು. 2002ರ ಮೊದಲ ಚಿತ್ರ ಅಮೆರಿಕದಲ್ಲಿ 2.7 ಕೋಟಿಗೆ ಶುರುವಾಗಿ 12 ಕೋಟಿವರೆಗೆ ಓಡಿತು. ಆಮೇಲೆ ಡಿವಿಡಿಯಲ್ಲಿ ಮನೆಮನೆ ಸೇರಿತು. ಅದರ ಫಲ ಉಂಡದ್ದು ಮುಂದಿನ ಎರಡು ಚಿತ್ರಗಳು. 2007ರ ಮೂರನೆಯದು ಪ್ರಪಂಚದಾದ್ಯಂತ 44 ಕೋಟಿ ಮುಟ್ಟಿತು.

ವಿಮರ್ಶೆಗೂ ಕಲೆಕ್ಷನ್‌ಗೂ ಸಂಬಂಧ ಇದೆಯಾ, ಇಲ್ವಾ?

ಇದೆ, ಆದರೆ ಎರಡೂ ದಿಕ್ಕಿಗೆ ಸಮ ಇಲ್ಲ. ಕೆಟ್ಟ ಮಾತು ಕೆಡಿಸುವಷ್ಟು ಒಳ್ಳೆ ಮಾತು ಉಳಿಸುವುದಿಲ್ಲ.

ಅಮೆರಿಕದಲ್ಲಿ ಸಿನಿಮಾಸ್ಕೋರ್ ಅನ್ನುವ ಸಂಸ್ಥೆ ಮೊದಲ ದಿನ ಥಿಯೇಟರ್‌ನಿಂದ ಹೊರಬರುವವರ ಕೈಗೆ ಚೀಟಿ ಕೊಟ್ಟು ಎ, ಬಿ, ಸಿ ಅಂತ ಅಂಕ ಕೇಳುತ್ತದೆ. ಕ್ವಾಂಟಮ್‌ಗೆ ಸಿಕ್ಕಿದ್ದು ಬಿ ಮೈನಸ್, ಓಟವೂ ಹಾಗೇ ಇತ್ತು. ಆದರೆ 'ಫಾಲ್‌ಔಟ್', 'ಡೆಡ್ ರೆಕನಿಂಗ್' ಎರಡಕ್ಕೂ ಎ ಸಿಕ್ಕಿತು, ವಿಮರ್ಶಕರೂ ಎರಡನ್ನೂ ಹೊಗಳಿದರು. ಗಳಿಕೆಯಲ್ಲಿ ಮಾತ್ರ 22 ಕೋಟಿ ಡಾಲರ್ ಅಂತರ. ಜನರಿಗೆ ಚಿತ್ರ ಇಷ್ಟವಾಗಿಲ್ಲ ಅನ್ನುವ ಕಾರಣ ಇಲ್ಲಿ ನಡೆಯುವುದಿಲ್ಲ. ಕಾರಣ ಕ್ಯಾಲೆಂಡರ್‌ನಲ್ಲಿತ್ತು, ಮತ್ತೆ ಚೀನಾದಲ್ಲಿತ್ತು.

ಬಿಡುಗಡೆ ದಿನಾಂಕ ಅಷ್ಟೊಂದು ಮುಖ್ಯನಾ? ಒಳ್ಳೆ ಸಿನಿಮಾ ಯಾವತ್ತು ಬಂದ್ರೂ ಓಡುತ್ತೆ ಅಲ್ವಾ?

ಓಡಲು ಪರದೆ ಬೇಕು. 'ಡೆಡ್ ರೆಕನಿಂಗ್' 2023ರ ಜುಲೈ 12ಕ್ಕೆ ಬಂತು. ಒಂಬತ್ತು ದಿನ ಕಳೆದು, ಜುಲೈ 21ಕ್ಕೆ, 'ಬಾರ್ಬಿ' ಮತ್ತು 'ಓಪನ್‌ಹೈಮರ್' ಒಟ್ಟಿಗೆ ಇಳಿದವು. ಐಮ್ಯಾಕ್ಸ್ ಪರದೆಗಳೆಲ್ಲ ಓಪನ್‌ಹೈಮರ್‌ಗೆ ಮೊದಲೇ ಬುಕ್ ಆಗಿದ್ದವು. ಬೆಟ್ಟದಿಂದ ಬೈಕ್ ಸಮೇತ ಹಾರುವ ದೃಶ್ಯವನ್ನು ದೊಡ್ಡ ಪರದೆಯ ಮೇಲೆ ನೋಡಿ ಅಂತ ತಿಂಗಳುಗಟ್ಟಲೆ ಪ್ರಚಾರ ಮಾಡಿದ್ದ ಚಿತ್ರಕ್ಕೆ ಎರಡನೇ ವಾರ ದೊಡ್ಡ ಪರದೆಯೇ ಇರಲಿಲ್ಲ. ಅಮೆರಿಕದಲ್ಲಿ ಗಳಿಕೆ ಆ ವಾರ ನೂರಕ್ಕೆ ಅರವತ್ತಕ್ಕೂ ಹೆಚ್ಚು ಬಿತ್ತು.

ಇದೇ ಸರಣಿ ಮೊದಲು ದಿನಾಂಕದ ವಿಷಯದಲ್ಲಿ ಜಾಣತನ ತೋರಿಸಿತ್ತು. 'ರೋಗ್ ನೇಷನ್' 2015ರ ಕ್ರಿಸ್‌ಮಸ್‌ಗೆ ಬರಬೇಕಿತ್ತು. ಆ ಡಿಸೆಂಬರ್‌ನಲ್ಲಿ ಹೊಸ 'ಸ್ಟಾರ್ ವಾರ್ಸ್' ಇತ್ತು. ಜುಲೈ 31ಕ್ಕೆ ಹಿಂದೆ ತಂದರು, 68 ಕೋಟಿ ಬಂತು. 2011ರ 'ಘೋಸ್ಟ್ ಪ್ರೋಟೋಕಾಲ್' ಅಂತೂ ಎಲ್ಲ ಕಡೆ ಬಿಡುಗಡೆಗೆ ಐದು ದಿನ ಮುಂಚೆ ಐಮ್ಯಾಕ್ಸ್‌ನಂಥ ದೊಡ್ಡ ಪರದೆಗಳಲ್ಲಿ ಮಾತ್ರ ತೆರೆಗೆ ಬಂತು. ಬುರ್ಜ್ ಖಲೀಫಾ ದೃಶ್ಯ ನೋಡಿ ಬಂದವರು ಊರೆಲ್ಲ ಹೇಳಿದರು.

ಬಾಂಡ್ ನಿರ್ಮಾಪಕರು ಈ ಪಾಠ ಕಲಿತದ್ದು 1989ರಲ್ಲಿ. 'ಲೈಸೆನ್ಸ್ ಟು ಕಿಲ್' ಆ ಬೇಸಿಗೆಯಲ್ಲಿ 'ಬ್ಯಾಟ್‌ಮ್ಯಾನ್', ಹೊಸ 'ಇಂಡಿಯಾನಾ ಜೋನ್ಸ್', 'ಲೀಥಲ್ ವೆಪನ್ 2' ನಡುವೆ ಸಿಕ್ಕಿಹಾಕಿಕೊಂಡಿತು. ಅಮೆರಿಕದಲ್ಲಿ ಮೂರೂವರೆ ಕೋಟಿಯೂ ದಾಟಲಿಲ್ಲ. ಅಲ್ಲಿಂದ ಮುಂದೆ, 1995ರ 'ಗೋಲ್ಡನ್‌ಐ' ಮೊದಲ್ಗೊಂಡು, ಬಾಂಡ್ ಬೇಸಿಗೆಯ ಕಡೆ ತಲೆ ಹಾಕಲಿಲ್ಲ. ನವೆಂಬರ್, ಹೆಚ್ಚೆಂದರೆ ಡಿಸೆಂಬರ್. 2020ರ ಏಪ್ರಿಲ್‌ಗೆ ಇಟ್ಟಿದ್ದ 'ನೋ ಟೈಮ್ ಟು ಡೈ' ಕೋವಿಡ್‌ನಿಂದ ಮುಂದೆ ಹೋಗಿ ಹೋಗಿ 2021ರ ಶರತ್ಕಾಲಕ್ಕೇ ಬಂತು.

ಹೀರೋ ಬದಲಾದ್ರೆ ಕಲೆಕ್ಷನ್ ಬೀಳುತ್ತಾ?

ಬಾಂಡ್‌ಗೆ ಬಹುಪಾಲು ಏರಿದೆ. ರೋಜರ್ ಮೂರ್ 1973ರಲ್ಲಿ ಬಂದಾಗ ಏರಿತು. ಪಿಯರ್ಸ್ ಬ್ರಾಸ್ನನ್ ಬಂದಾಗ ಹಿಂದಿನ 16 ಕೋಟಿ 35 ಆಯಿತು. ಕ್ರೇಗ್ ಬಂದಾಗ 43 ಇದ್ದದ್ದು 60 ಹತ್ತಿರ ಹೋಯಿತು. 1969ರ ಜಾರ್ಜ್ ಲೇಜನ್‌ಬಿ ಮಾತ್ರ ಇದಕ್ಕೆ ಅಪವಾದ. ಬಾಂಡ್ ಸರಣಿಯಲ್ಲಿ ಪಾತ್ರವೇ ಸ್ಟಾರ್.

ಬೋರ್ನ್‌ಗೆ ಹಾಗಾಗಲಿಲ್ಲ. ಮ್ಯಾಟ್ ಡೇಮನ್ ಇಲ್ಲದ 2012ರ ಚಿತ್ರ 28 ಕೋಟಿಗೆ ಇಳಿಯಿತು, ಡೇಮನ್ ವಾಪಸ್ ಬಂದಾಗ ಮತ್ತೆ 41. ಟಾಮ್ ಕ್ರೂಸ್ ಇಲ್ಲದ ಮಿಷನ್ ಇಂಪಾಸಿಬಲ್ ಇನ್ನೂ ಯಾರೂ ಮಾಡಿಲ್ಲ. ಮಾಡಿದರೆ ಬೋರ್ನ್ ದಾರಿಯನ್ನೇ ಹಿಡಿಯುತ್ತದೆ ಅನ್ನೋದು ನನ್ನ ಎಣಿಕೆ.

## ನಮ್ಮ ಕಡೆಯ ಲೆಕ್ಕ

ಯಶ್ ರಾಜ್ ಸ್ಪೈ ಯೂನಿವರ್ಸ್‌ಗೂ ಇದೇ ಸೂತ್ರ ನಡೆಯುತ್ತಾ?

ಯಶ್ ರಾಜ್ ಫಿಲ್ಮ್ಸ್‌ನ ಈ ಹಿಂದಿ ಸ್ಪೈ ಚಿತ್ರಗಳೆಲ್ಲ ಒಂದೇ ಕಥಾಲೋಕದವು, ಅದಕ್ಕೇ ಯೂನಿವರ್ಸ್ ಅನ್ನುವ ಹೆಸರು. ಸೂತ್ರ ಅರ್ಧ ನಡೆಯುತ್ತದೆ. 2023ರ ಜನವರಿಯ 'ಪಠಾಣ್' ಪ್ರಪಂಚದಾದ್ಯಂತ ಸಾವಿರ ಕೋಟಿ ರೂಪಾಯಿ ದಾಟಿತು. ಅದೇ ವರ್ಷದ 'ಟೈಗರ್ 3' ಅದರ ಅರ್ಧವನ್ನೂ ಮುಟ್ಟಲಿಲ್ಲ. ಒಂದೇ ಯೂನಿವರ್ಸ್, ಹತ್ತು ತಿಂಗಳ ಅಂತರ. ಬ್ರ್ಯಾಂಡ್ ಗೆಲ್ಲಿಸುವುದಾಗಿದ್ದರೆ ಹೀಗಾಗಬಾರದಿತ್ತು. ಪಠಾಣ್‌ಗೆ ಜನ ಬಂದದ್ದು ನಾಲ್ಕು ವರ್ಷ ಹೀರೋ ಆಗಿ ಕಾಣದಿದ್ದ ಶಾರುಖ್ ಖಾನ್‌ಗಾಗಿ. ಯೂನಿವರ್ಸ್ ಅನ್ನುವ ಹಣೆಪಟ್ಟಿಗೆ ಅಷ್ಟು ಎಳೆತ ಇರಲಿಲ್ಲ.

ಟೈಗರ್ 3ರ ದಿನಾಂಕವನ್ನೂ ನೋಡಿ. ನವೆಂಬರ್ 12, ದೀಪಾವಳಿಯ ಭಾನುವಾರ, ಉತ್ತರದಲ್ಲಿ ಲಕ್ಷ್ಮೀಪೂಜೆ. ಹಬ್ಬದ ಸಂಜೆ ಅಲ್ಲಿ ಜನ ಥಿಯೇಟರ್ ಕಡೆ ಬರುವುದು ಕಡಿಮೆ. ಜೊತೆಗೆ ವಿಶ್ವಕಪ್ ಕ್ರಿಕೆಟ್. ಅದೇ ದಿನ ನಮ್ಮ ಚಿನ್ನಸ್ವಾಮಿಯಲ್ಲಿ ಭಾರತ–ನೆದರ್ಲೆಂಡ್ಸ್ ಪಂದ್ಯ, 15ಕ್ಕೆ ಸೆಮಿಫೈನಲ್, 19ಕ್ಕೆ ಫೈನಲ್. ಮೊದಲ ವಾರ ಪೂರ್ತಿ ಟಿವಿ ಮುಂದೆ ಹೋಯಿತು.

ಆಮೇಲೆ 'ವಾರ್ 2'. 2019ರ ಮೊದಲ 'ವಾರ್' 475 ಕೋಟಿ ರೂಪಾಯಿ ಮಾಡಿತ್ತು. 2025ರ ಆಗಸ್ಟ್ 14ಕ್ಕೆ ಬಂದ ಎರಡನೆಯದಕ್ಕೆ ಹೃತಿಕ್ ಜೊತೆ ಜೂನಿಯರ್ ಎನ್‌ಟಿಆರ್ ಇದ್ದರು, ಎದುರಿಗೆ ಅದೇ ದಿನ ರಜನಿಕಾಂತ್ 'ಕೂಲಿ' ಇತ್ತು. ನಾಲ್ಕುನೂರು ಕೋಟಿ ಆಗಲಿಲ್ಲ. ಹಾಲಿವುಡ್ ಸರಣಿಗಳಿಗೆ ಇರುವಂಥ 'ಇದಕ್ಕಿಂತ ಕೆಳಗೆ ಹೋಗಲ್ಲ' ಅನ್ನುವ ತಳ ಇಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಆದ್ದರಿಂದ ನನ್ನ ಅಂದಾಜಿನಲ್ಲಿ ಯೂನಿವರ್ಸ್‌ಗೆ ಕಡಿಮೆ ತೂಕ. ಸ್ಟಾರ್‌ಗೆ, ಹಾಡಿಗೆ, ಹಬ್ಬಕ್ಕೆ ಜಾಸ್ತಿ.

ಕನ್ನಡದಲ್ಲಿ ಇಂಥ ಸರಣಿ ಇತ್ತು ಅಂತಾರೆ. ಅದರ ಲೆಕ್ಕ ಸಿಗುತ್ತಾ?

ಇತ್ತು, ಅದೂ ಜೋರಾಗಿ. ದೊರೆ–ಭಗವಾನ್ ಜೋಡಿ ಡಾ. ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಎರಡು ವರ್ಷದಲ್ಲಿ ಮೂರು ಚಿತ್ರ ಅಂದರೆ ಇವತ್ತಿನ ಬಾಂಡ್ ನಿರ್ಮಾಪಕರಿಗೆ ತಲೆತಿರುಗಬೇಕು.

ಆದರೆ ಆಗ ಗೆಲುವನ್ನು ಅಳೆಯುತ್ತಿದ್ದದ್ದು ದಿನಗಳಲ್ಲಿ. ಎಷ್ಟು ಕೇಂದ್ರಗಳಲ್ಲಿ ನೂರು ದಿನ, ಎಲ್ಲಿ ಇಪ್ಪತ್ತೈದು ವಾರ ಅನ್ನೋದೇ ಮಾತು. ಬೆಂಗಳೂರಲ್ಲಿ ಮುಗಿಸಿ ಪ್ರಿಂಟ್ ಬೇರೆ ಊರಿಗೆ ಹೋಗುತ್ತಿತ್ತು. ಓಪನಿಂಗ್ ವಾರಾಂತ್ಯ ಅನ್ನುವ ಕಲ್ಪನೆಯೇ ಇರಲಿಲ್ಲ, ಹಾಗಾಗಿ ಇವತ್ತಿನ ಸೂತ್ರಕ್ಕೆ ಆ ಚಿತ್ರಗಳನ್ನು ಒಗ್ಗಿಸಲು ಆಗುವುದಿಲ್ಲ.

ಬೆಂಗಳೂರಿನ ಕಲೆಕ್ಷನ್ ಹಾಲಿವುಡ್ ಚಿತ್ರದ ಗೆಲುವಿಗೆ ಲೆಕ್ಕಕ್ಕೆ ಬರುತ್ತಾ?

ಭಾರತವೇ ಇನ್ನೂ ಸಣ್ಣ ಪಾಲು. 'ಡೆಡ್ ರೆಕನಿಂಗ್' ಇಲ್ಲಿ ನೂರು ಕೋಟಿ ರೂಪಾಯಿ ದಾಟಿದ್ದಕ್ಕೆ ದೊಡ್ಡ ಸುದ್ದಿಯಾಯಿತು. ಡಾಲರ್‌ಗೆ ತಿರುಗಿಸಿದರೆ ಅದು ಒಟ್ಟು ಗಳಿಕೆಯಲ್ಲಿ ನೂರಕ್ಕೆ ಎರಡೋ ಮೂರೋ. ಆದರೂ ಸ್ಟುಡಿಯೋಗಳು ಭಾರತವನ್ನು ಬಿಡುವುದಿಲ್ಲ. 2025ರ 'ಫೈನಲ್ ರೆಕನಿಂಗ್' ಅಮೆರಿಕಕ್ಕಿಂತ ಆರು ದಿನ ಮುಂಚೆ, ಮೇ 17ಕ್ಕೇ ಇಲ್ಲಿ ತೆರೆಕಂಡಿತು.

ಬೆಂಗಳೂರಿನಲ್ಲಿ ಐಮ್ಯಾಕ್ಸ್ ಟಿಕೆಟ್ ದುಬಾರಿ, ಅದಕ್ಕೇ ಜನ ಕಡಿಮೆ ಇದ್ದರೂ ಕಲೆಕ್ಷನ್ ದಪ್ಪ ಕಾಣುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 200 ರೂಪಾಯಿ ಮಿತಿ ತಂದಿತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಇಂಥ ಮಿತಿ ಜಾರಿಗೆ ಬಂದರೆ ಇಲ್ಲಿನ ಹಳೆಯ ಅಂಕಿ ಇಟ್ಟುಕೊಂಡು ಮುಂದಿನದನ್ನು ಊಹಿಸಲಾಗದು.

## ಲೆಕ್ಕದ ಹುಚ್ಚಿರುವವರಿಗೆ

ಚೀನಾ ಮತ್ತು ಡಾಲರ್ ದರ, ಇವೆರಡನ್ನು ಯಾಕೆ ಬೇರೆ ಲೆಕ್ಕ ಹಾಕ್ಬೇಕು?

ಏಕೆಂದರೆ ಸಿನಿಮಾಗೂ ಅವಕ್ಕೂ ಸಂಬಂಧವೇ ಇಲ್ಲದೆ ಅವು ಬದಲಾಗುತ್ತವೆ. 'ಫಾಲ್‌ಔಟ್' ಚೀನಾದಲ್ಲಿ 18 ಕೋಟಿ ಡಾಲರ್ ತಂದಿತು, ಮುಂದಿನ ಚಿತ್ರ 5 ಕೋಟಿಯ ಆಸುಪಾಸಿಗೆ ನಿಂತಿತು. ಅಷ್ಟರಲ್ಲಿ ಅಲ್ಲಿನ ಪ್ರೇಕ್ಷಕರು ತಮ್ಮದೇ ಚಿತ್ರಗಳ ಕಡೆ ತಿರುಗಿದ್ದರು. ಸಮಾಧಾನ ಏನೆಂದರೆ, ಅಲ್ಲಿ ಸ್ಟುಡಿಯೋ ಪಾಲು ಕಾಲು ಭಾಗ ಮಾತ್ರ. 13 ಕೋಟಿ ಗ್ರಾಸ್ ಹೋದರೆ ಕೈಬಿಟ್ಟದ್ದು ಮೂರು ಚಿಲ್ಲರೆ.

ಡಾಲರ್ ವಿಷಯ 2015ರ ಬಾಂಡ್ ಚಿತ್ರ 'ಸ್ಪೆಕ್ಟರ್'ನಲ್ಲಿ ಕಾಣುತ್ತದೆ. ಬಾಂಡ್‌ಗೆ ಯುರೋಪೇ ಮನೆ. 2012ರ ನವೆಂಬರ್‌ನಲ್ಲಿ ಒಂದು ಯೂರೋಗೆ ಸುಮಾರು 1.28 ಡಾಲರ್ ಸಿಗುತ್ತಿತ್ತು, 2015ರಲ್ಲಿ 1.07 ಹತ್ತಿರ. ಅಷ್ಟೇ ಜನ, ಅಷ್ಟೇ ಟಿಕೆಟ್ ದರ ಇದ್ದರೂ ಜರ್ಮನಿ, ಫ್ರಾನ್ಸ್‌ನ ಗಳಿಕೆ ನೂರಕ್ಕೆ ಹದಿನೈದು ಕರಗುತ್ತಿತ್ತು. ಸ್ಕೈಫಾಲ್‌ನ 111 ಕೋಟಿಯಿಂದ 88ಕ್ಕೆ ಇಳಿದದ್ದರಲ್ಲಿ ಇದರ ಕೈವಾಡವೂ ಇದೆ.

ಸ್ಕೈಫಾಲ್ ನೂರು ಕೋಟಿ ದಾಟುತ್ತೆ ಅಂತ ಪಂಡಿತರಿಗೆ ಯಾಕೆ ಹೊಳೀಲಿಲ್ಲ?

ಹಿಂದಿನ ಅತಿ ಹೆಚ್ಚು ಅರವತ್ತರ ಸುತ್ತ ಇತ್ತು. ಒಮ್ಮೆಗೇ 111. ಇದ್ದ ಹಳೆಯ ಅಂಕಿಗಳಿಂದ ಅಲ್ಲಿಗೆ ದಾರಿಯೇ ಇರಲಿಲ್ಲ. ಆಮೇಲೆ ಕಾರಣ ಕೊಡುವುದು ಸುಲಭ: ಸರಣಿಗೆ ಐವತ್ತು ವರ್ಷ, ಅಡೆಲ್ ಹಾಡು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ರಾಣಿ ಜೊತೆ ಬಾಂಡ್. ಬ್ರಿಟನ್ ಒಂದರಲ್ಲೇ ಹತ್ತು ಕೋಟಿ ಪೌಂಡ್ ದಾಟಿತು.

ಅರ್ಥಶಾಸ್ತ್ರಜ್ಞರಾದ ಆರ್ಥರ್ ಡಿ ವ್ಯಾನಿ ಮತ್ತು ಡೇವಿಡ್ ವಾಲ್ಸ್ 1990ರ ದಶಕದಿಂದಲೇ ಇದನ್ನು ಹೇಳುತ್ತಾ ಬಂದರು. ಸಿನಿಮಾ ಗಳಿಕೆ ಸರಾಸರಿಯ ಸುತ್ತ ಅಂದವಾಗಿ ಕೂರುವುದಿಲ್ಲ, ಅಲ್ಲೊಂದು ಇಲ್ಲೊಂದು ಚಿತ್ರ ವಿಪರೀತ ದೂರ ಹಾರುತ್ತದೆ. ಜನರ ಮಾತು ಇನ್ನಷ್ಟು ಜನರನ್ನು ಎಳೆಯುವುದರಿಂದ ಹೀಗೆ. ಸರಣಿ ಚಿತ್ರಗಳಲ್ಲಿ ಈ ಹಾರಾಟ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ ನಾನು ಮೇಲಿನ ಅಂಚನ್ನು ಕೆಳಗಿನ ಅಂಚಿಗಿಂತ ದೂರ ಇಡುತ್ತೇನೆ.

ನಾನೇ ಎಕ್ಸೆಲ್‌ನಲ್ಲಿ ಒಂದು ಲೆಕ್ಕ ಕಟ್ಟಬೇಕು. ಎಲ್ಲಿಂದ ಶುರು ಮಾಡ್ಲಿ?

ಮೊದಲು ನಿಮ್ಮ ಬಳಿ ಎಷ್ಟು ಚಿತ್ರ ಇವೆ ಎಣಿಸಿ. ಬಾಂಡ್ ಸರಣಿಯ ನಿರ್ಮಾಣ ಸಂಸ್ಥೆ ಇಯಾನ್ ಮಾಡಿದ ಚಿತ್ರಗಳು 25, ಮಿಷನ್ 8, ಬೋರ್ನ್ 5. ಅದರಲ್ಲಿ ಅರ್ಧ ಬಾಂಡ್ ಚಿತ್ರಗಳು ಸಾವಿರಾರು ಪರದೆಗಳ ಕಾಲಕ್ಕೂ ಮುಂಚಿನವು. ಉಳಿಯುವುದು ಇಪ್ಪತ್ತೈದರ ಆಸುಪಾಸು. ಇಷ್ಟಕ್ಕೆ ಹತ್ತು ಅಂಶ ಹಾಕಿದರೆ ಹಳೆಯದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ, ಮುಂದಿನದಕ್ಕೆ ನೆಗೆದು ಬೀಳುತ್ತದೆ.

ಮೂರು ಅಂಶ ಸಾಕು. ಹಿಂದಿನ ಕಂತು ಅಮೆರಿಕದಲ್ಲಿ ಓಪನಿಂಗ್‌ನ ಎಷ್ಟು ಪಟ್ಟು ಓಡಿತು, ಮುಂದಿನ ಎರಡು ವಾರದಲ್ಲಿ ಎದುರಾಳಿ ಯಾರು, ದೊಡ್ಡ ಪರದೆ ಎಷ್ಟು ವಾರ ಸಿಗುತ್ತದೆ. ಅಂಕಿಗಳನ್ನು ಲಾಗ್‌ಗೆ (ಲಾಗರಿದಮ್‌ಗೆ) ತಿರುಗಿಸಿ, ಇಲ್ಲದಿದ್ದರೆ ಸ್ಕೈಫಾಲ್ ಒಂದೇ ಎಲ್ಲವನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದೊಂದು ಚಿತ್ರವನ್ನು ಮುಚ್ಚಿಟ್ಟು ಉಳಿದವುಗಳಿಂದ ಅದನ್ನು ಊಹಿಸಿ ನೋಡಿ. ತಪ್ಪು ಎಷ್ಟು ಬರುತ್ತದೋ ಅಷ್ಟು ಅಗಲದ ಅಂದಾಜು ಕೊಡಿ. 'ಇಷ್ಟೇ' ಅಂತ ಒಂದೇ ಅಂಕಿ ಹೇಳುವವರನ್ನು ನಾನು ನಂಬುವುದಿಲ್ಲ.

ಬಜೆಟ್ ಬಜೆಟ್ ಅಂತೀರಿ. ಆ ಅಂಕಿಯನ್ನೇ ಹೇಗೆ ನಂಬೋದು?

ಹೊರಗೆ ಹೇಳುವ ಬಜೆಟ್ ಪೂರ್ತಿ ನಂಬುವಂಥದ್ದಲ್ಲ. ಬ್ರಿಟನ್‌ನಲ್ಲಿ ಚಿತ್ರೀಕರಿಸಿದರೆ ಖರ್ಚಿನ ಒಂದು ಭಾಗ ಸರ್ಕಾರದಿಂದ ವಾಪಸ್ ಬರುತ್ತದೆ. ಅದಕ್ಕಾಗಿ ಚಿತ್ರಕ್ಕೊಂದು ಕಂಪನಿ ಮಾಡಿ ಲೆಕ್ಕಪತ್ರ ಸಲ್ಲಿಸಬೇಕು, ಅದು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಬಾಂಡ್, ಈಚಿನ ಮಿಷನ್ ಚಿತ್ರಗಳು ಅಲ್ಲೇ ತಯಾರಾದ್ದರಿಂದ ನಮಗೆ ಅನುಕೂಲ. 'ಸ್ಪೆಕ್ಟರ್' ಸಮಯದಲ್ಲಂತೂ 2014ರಲ್ಲಿ ಸೋನಿ ಸ್ಟುಡಿಯೋದ ಇಮೇಲ್‌ಗಳು ಸೋರಿ, ಖರ್ಚು 30 ಕೋಟಿ ಡಾಲರ್ ದಾಟುತ್ತಿದೆ ಅನ್ನುವ ಗಾಬರಿಯೇ ಬಯಲಾಯಿತು.

ಬಿಯರ್, ಕಾರು, ಗಡಿಯಾರದ ಕಂಪನಿಗಳು ಕೊಡುವ ದುಡ್ಡು, ಜಾಹೀರಾತಿನ ನೆರವು ಈ ಅಂಕಿಯಲ್ಲಿ ಕಾಣುವುದಿಲ್ಲ. ಬಾಂಡ್‌ಗೆ ಇದು ದೊಡ್ಡ ಬೆಂಬಲ.

ಮುಂದಿನ ಬಾಂಡ್‌ಗೆ ನಿಮ್ಮ ಅಂದಾಜು ಏನು? ತಪ್ಪಿಸಿಕೊಳ್ಳದೆ ಹೇಳಿ.

2022ರಲ್ಲಿ ಬಾಂಡ್ ಚಿತ್ರಗಳ ಸ್ಟುಡಿಯೋ ಎಂಜಿಎಂ ಅನ್ನು ಕೊಂಡ ಅಮೆಜಾನ್, 2025ರ ಫೆಬ್ರವರಿಯಲ್ಲಿ ಬಾಂಡ್‌ನ ಸೃಜನಶೀಲ ಹಿಡಿತವನ್ನೂ ಪಡೆಯಿತು. ನಿರ್ದೇಶಕ ಡೆನಿ ವಿಲ್‌ನೇವ್, ಬರಹ ಸ್ಟೀವನ್ ನೈಟ್ ಅಂತ ಘೋಷಣೆಯಾಗಿದೆ. ಹೊಸ ಮುಖ ಬರುತ್ತದೆ, ಹೊಸ ಮುಖ ಬಂದಾಗ ಈ ಸರಣಿ ಏರುತ್ತದೆ ಅಂತ ಮೇಲೆಯೇ ಹೇಳಿದೆ. ಕೋವಿಡ್ ನಡುವೆಯೂ 'ನೋ ಟೈಮ್ ಟು ಡೈ' 77 ಕೋಟಿ ಮಾಡಿತ್ತು. ಹಾಗಾಗಿ 65ರಿಂದ 95 ಕೋಟಿ ಡಾಲರ್ ಅನ್ನುತ್ತೇನೆ, ನಡುವೆ ಎಲ್ಲೋ 78.

ಎಷ್ಟು ವಾರ ಥಿಯೇಟರ್‌ನಲ್ಲಿ ಮಾತ್ರ ಇಟ್ಟು ಆಮೇಲೆ ಅಮೆಜಾನ್‌ನ ಓಟಿಟಿ ಪ್ರೈಮ್‌ಗೆ ಕೊಡುತ್ತಾರೆ ಅನ್ನೋದು ತಿಳಿದರೆ ಈ ಅಂದಾಜನ್ನು ತಿದ್ದುತ್ತೇನೆ. ಬಜೆಟ್ 20 ಕೋಟಿಯಲ್ಲಿ ನಿಂತರೆ ಕೆಳಗಿನ ಅಂಚಿನಲ್ಲೂ ಲಾಭ. 30 ಮುಟ್ಟಿದರೆ 78 ಬಂದರೂ ಹಾಕಿದ್ದು ಹಿಂದೆ ಬಂದಂತೆ, ಅಷ್ಟೆ.